ಊರಗೋಡೆಯ ಒಳಗು ಹೊರಗು



ಯುದ್ಧಕಾಲದ ಕಾವ್ಯವೆಂದೊಡನೆ ರನ್ನನ ಗದಾಯುದ್ಧವೂ ಕುಮಾರವ್ಯಾಸನ ರಣರಂಗವೂ ನಮ್ಮ ನೆನಪಿಗೆ ಬರುತ್ತವೆ. ಅಲ್ಲಿ ಕೇಳುವುದು ಆಯುಧ ಹಿಡಿದವರ ಮಾತು. ಕೋಟೆಗೋಡೆಗೆ ಕಲ್ಲು ಹೊತ್ತವರ ಮಾತೂ ಕಾವ್ಯವಾಗಿದೆ. ಅದನ್ನು ತರಗತಿಗೆ ತರಬೇಕೆಂಬುದು ಈ ಉಪನ್ಯಾಸದ ವಿಷಯ. ಅದಕ್ಕೆ ನಮ್ಮ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯೇ ನಿದರ್ಶನ.

ಈ ಊರಿಗಾಗಿ ಕಾದಾಡಿದ ಅರಸುಮನೆತನಗಳು ಹಲವು. ಕಲಚೂರಿ ಬಿಜ್ಜಳನಿಗೆ ಕಲ್ಯಾಣಕ್ಕಿಂತ ಮೊದಲು ಇದೇ ನೆಲೆಯಾಗಿತ್ತು. ಮುಂದೆ ಇದು ದೇವಗಿರಿಯ ಯಾದವರ, ಬಹಮನಿಗಳ, ವಿಜಾಪುರದ ಆದಿಲಶಾಹಿಗಳ ಕೈ ಸೇರಿತು. 1665ರಲ್ಲಿ ವಿಜಾಪುರದ ಮೇಲೆ ಜಯಸಿಂಹನು ದಂಡೆತ್ತಿ ಬಂದಾಗ, ಅವನೊಡನಿದ್ದ ಶಿವಾಜಿ ಮಹಾರಾಜರು ಇಲ್ಲಿಯ ಕೋಟೆಯನ್ನು ಗೆದ್ದರು. 1695ರಿಂದ 1699ರವರೆಗೆ ಔರಂಗಜೇಬನ ದಂಡು ಇದೇ ಭೀಮಾತೀರದ ಬ್ರಹ್ಮಪುರಿಯಲ್ಲಿ ಬೀಡುಬಿಟ್ಟಿತ್ತು.

ಹೀಗೆ ಕೈಯಿಂದ ಕೈಗೆ ಹೋಗುವ ಊರಿಗೆ ಗೋಡೆ ಬೇಕು. ಗೋಡೆಯನ್ನು ಕಟ್ಟುವವರೂ ಬೇಕು. ಮಹಾರ ಸಮುದಾಯದ ಸಂತ ಚೋಖಾಮೇಳರು ಅಂಥವರಲ್ಲಿ ಒಬ್ಬರು. ದೇವಗಿರಿಯ ಅರಸೊತ್ತಿಗೆ ಅಳಿದು, ಬಹಮನಿ ರಾಜ್ಯ ಇನ್ನೂ ಹುಟ್ಟದಿದ್ದ ಕಾಲವದು. 1338ರಲ್ಲಿ ಮಂಗಳವೇಢೆಯ ಗೋಡೆಯ ಕೆಲಸ ಮಾಡುತ್ತಿದ್ದಾಗ ಅದು ಕುಸಿದು, ಅವರು ಇತರ ಕೂಲಿಗಳೊಡನೆ ಮಡಿದರೆಂದು ಪರಂಪರೆ ಹೇಳುತ್ತದೆ. ಆ ಗೋಡೆ ಯಾರನ್ನು ಕಾಯಬೇಕಾಗಿತ್ತೋ, ಅವರು ಚೋಖಾಮೇಳರನ್ನು ಗುಡಿಯೊಳಗೆ ಬಿಟ್ಟಿರಲಿಲ್ಲ. ಶತ್ರುವನ್ನು ತಡೆಯುವ ಗೋಡೆಯೊಂದಾದರೆ, ನೆರೆಯವನನ್ನೇ ತಡೆಯುವ ಗೋಡೆ ಇನ್ನೊಂದು. ಅವರೂ, ಪತ್ನಿ ಸೋಯರಾಬಾಯಿ, ತಂಗಿ ನಿರ್ಮಳಾ, ಮಗ ಕರ್ಮಮೇಳರೂ ರಚಿಸಿದ ಅಭಂಗಗಳಲ್ಲಿ ಈ ಎರಡನೆಯ ಗೋಡೆಯ ನೋವು ಮತ್ತೆ ಮತ್ತೆ ಮಾತಾಗಿದೆ. ಸಂತ ನಾಮದೇವರು ಬಂದು, ವಿಠ್ಠಲನಾಮ ಕೇಳಿಬಂದ ಅಸ್ಥಿಗಳನ್ನು ಚೋಖಾಮೇಳರವೆಂದು ಗುರುತಿಸಿ ಪಂಢರಪುರಕ್ಕೆ ಒಯ್ದರೆಂಬುದು ಭಕ್ತರ ನಂಬಿಕೆ. ಅವರ ಸಮಾಧಿ ಇಂದಿಗೂ ಇರುವುದು ವಿಠ್ಠಲ ಮಂದಿರದ ಮಹಾದ್ವಾರದ ಹೊರಗೆ.

ಇದಕ್ಕೆ ಸುಮಾರು ಎರಡು ಶತಮಾನ ಮೊದಲು ಇದೇ ಊರಿನಲ್ಲಿ ಬಸವಣ್ಣನವರು ಬಿಜ್ಜಳನ ಕರಣಿಕರಾಗಿದ್ದರೆಂದು ಶರಣರ ಚರಿತ್ರೆಗಳು ಹೇಳುತ್ತವೆ. ಎದುರಿಗೆ ಬಂದವನನ್ನು ಪರಕೀಯನೆನ್ನದೆ ಮನೆಯವನೆಂದು ಬಗೆಯಬೇಕೆಂಬ ಅವರ ವಚನ ನಮ್ಮ ಮಕ್ಕಳಿಗೆ ಕಂಠಪಾಠ. ಆದರೆ ಆ ಮಾತಿಗೆ ತೆತ್ತ ಬೆಲೆಯನ್ನು ನಾವು ಹೇಳುವುದು ಕಡಿಮೆ. ಹರಳಯ್ಯ ಮತ್ತು ಮಧುವರಸರು ಜಾತಿ ಮೀರಿ ಬೀಗರಾದುದಕ್ಕೆ ಘೋರ ಶಿಕ್ಷೆಗೆ ಗುರಿಯಾದರು, ಕಲ್ಯಾಣ ಹೊತ್ತಿ ಉರಿಯಿತು, ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿದರು. ಬೆನ್ನಟ್ಟಿದ ಸೈನ್ಯದ ನಡುವೆಯೂ ವಚನಗಳ ಕಟ್ಟುಗಳನ್ನು ಉಳವಿಯವರೆಗೆ ಹೊತ್ತು ಉಳಿಸಿದರೆಂಬುದು ಶರಣ ಪರಂಪರೆಯ ನೆನಪು.

ಒಂದು ಕನ್ನಡದ ವಚನ, ಇನ್ನೊಂದು ಮರಾಠಿಯ ಅಭಂಗ. ನಮ್ಮ ಶಾಲೆಗಳ ಮಕ್ಕಳು ಈ ಎರಡೂ ನುಡಿಗಳ ನಡುವೆ ಬೆಳೆಯುವವರು. ಗಡಿಯ ವಾದ ಕಾವೇರಿದಾಗ, ನೀನು ಯಾವ ಕಡೆಯವನು ಎಂಬ ಪ್ರಶ್ನೆ ಅವರ ಕಿವಿಗೂ ಬೀಳುತ್ತದೆ. ಪಂಢರಪುರದ ವಿಠ್ಠಲನನ್ನು ಕನ್ನಡಿಗನೆಂದು ಕರೆದ ಅಭಂಗ ಜ್ಞಾನೇಶ್ವರರ ಹೆಸರಿನಲ್ಲಿಯೇ ಇದೆಯೆಂಬುದನ್ನು ಅವರಿಗೆ ತಿಳಿಸಿರಿ. ಒಂದೇ ದಿನ ಒಂದು ವಚನವನ್ನೂ ಒಂದು ಅಭಂಗವನ್ನೂ ಗಟ್ಟಿಯಾಗಿ ಓದಿಸಿರಿ. ಬಳಿಕ ಎರಡೇ ಪ್ರಶ್ನೆಗಳನ್ನು ಕೇಳಿರಿ: ಈ ಕವಿತೆಯಲ್ಲಿ ಗೋಡೆಯ ಒಳಗೆ ಯಾರಿದ್ದಾರೆ? ಹೊರಗೆ ಯಾರಿದ್ದಾರೆ?

ಇಲ್ಲೊಂದು ಎಚ್ಚರಿಕೆ ಅಗತ್ಯ. ಆ ಪ್ರಶ್ನೆಯನ್ನು ಕವಿತೆಗೆ ಕೇಳಬೇಕೇ ಹೊರತು ಮಗುವಿಗಲ್ಲ. ಯಾರ ಮನೆ ಯಾವ ಓಣಿಯಲ್ಲಿದೆ, ಯಾರು ಯಾವ ಜಾತಿಯವರು ಎಂಬತ್ತ ಮಾತು ಹೊರಳಿದರೆ, ಚೋಖಾಮೇಳರ ಪಾಠವೇ ಒಬ್ಬ ಮಗುವನ್ನು ಹೊರಗೆ ನಿಲ್ಲಿಸಿದಂತಾಗುತ್ತದೆ. ಉತ್ತರ ಕನ್ನಡದಲ್ಲಿ ಬಂದರೂ ಮರಾಠಿಯಲ್ಲಿ ಬಂದರೂ ಸ್ವೀಕರಿಸಿರಿ. ಆಮೇಲೆ ಅದನ್ನು ಕನ್ನಡದಲ್ಲಿ ಬರೆಯಿಸಿರಿ. ಸಾಧ್ಯವಾದರೆ ಮಕ್ಕಳನ್ನು ಮಂಗಳವೇಢೆಗೂ ಪಂಢರಪುರದ ಆ ಸಮಾಧಿಯ ಬಳಿಗೂ ಕರೆದೊಯ್ಯಿರಿ. ಗೋಡೆಗಾಗಿ ಕಾದಿದವರ ಹೆಸರುಗಳನ್ನು ಇತಿಹಾಸದ ಪಾಠ ಕಲಿಸುತ್ತದೆ. ಅದರಡಿ ಸಿಕ್ಕಿದವರ ಹೆಸರನ್ನು ಕಲಿಸುವ ಹೊಣೆ ಭಾಷಾ ಶಿಕ್ಷಕರಾದ ನಮ್ಮದು.