ಸರ್ಕಾರ ಸಂತೆಗೆ ಹೋದರೆ



2023ರ ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂದಿತ್ತು, ನಿಮಗೂ ನೆನಪಿರಬಹುದು. ತಿರುಪತಿಯ ಲಡ್ಡುವಿಗೆ ಇನ್ನು ನಂದಿನಿ ತುಪ್ಪ ಹೋಗುವುದಿಲ್ಲ ಅಂತ. ಯಾಕೆ ಅಂದರೆ, ಟೆಂಡರಿನಲ್ಲಿ ಬೇರೆಯವರು ಇನ್ನೂ ಕಡಿಮೆ ದರ ಹಾಕಿದ್ದರು. ಆ ದರಕ್ಕೆ ತುಪ್ಪ ಕೊಡುವುದು ತನ್ನಿಂದಾಗದು ಎಂದು ನಮ್ಮ ಹಾಲು ಮಹಾಮಂಡಳ ಹೇಳಿತು. ಮರುವರ್ಷ ನಂದಿನಿ ಮತ್ತೆ ಬೆಟ್ಟ ಹತ್ತಿತು. ಅದರ ಬೆನ್ನಿಗೇ ಕಲಬೆರಕೆಯ ಆಪಾದನೆ ಎದ್ದು, ರಾಜಕೀಯ ಜೋರಾಗಿ, ಸುಪ್ರೀಂ ಕೋರ್ಟು ತನಿಖಾ ತಂಡ ರಚಿಸುವವರೆಗೂ ಹೋಯಿತು. ಆ ತನಿಖೆಯ ಗೊಡವೆ ಇವತ್ತು ನಮಗೆ ಬೇಡ. ಅದಕ್ಕೂ ಹಿಂದಿನ ಆ ಟೆಂಡರಿನ ಬಗ್ಗೆ ಮಾತಾಡೋಣ.

ಒಂದು ಕಿಲೋ ಹಸುವಿನ ತುಪ್ಪಕ್ಕೆ ಹೆಚ್ಚುಕಡಿಮೆ 25 ಲೀಟರ್ ಹಾಲು ಬೇಕು. ಡೇರಿಗೆ ಹಾಲು ಹಾಕುವ ಯಾರನ್ನು ಕೇಳಿದರೂ ಈ ಲೆಕ್ಕ ಬಾಯಲ್ಲೇ ಹೇಳುತ್ತಾರೆ. ಕೆನೆ ತೆಗೆದ ಹಾಲಿನಿಂದ ಪುಡಿ ಮಾಡಿ ಒಂದಿಷ್ಟು ಗಿಟ್ಟಿಸಬಹುದು, ನಿಜ. ಆದರೂ ತುಪ್ಪದ ದರ ಒಂದು ಮಟ್ಟದಿಂದ ಕೆಳಗಿಳಿದರೆ, ಆ ವ್ಯತ್ಯಾಸವನ್ನು ಎಲ್ಲೋ ಯಾರೋ ಭರಿಸಲೇಬೇಕು. ಹಸು ಕಟ್ಟಿದವಳು ಭರಿಸಬಹುದು, ತುಪ್ಪ ತಿನ್ನುವವನೂ ಭರಿಸಬಹುದು. ಟೆಂಡರಿನ ನಮೂನೆಯಲ್ಲಿ ಅದನ್ನು ಬರೆಯಲು ಕಾಲಂ ಇರುವುದಿಲ್ಲ.

ಸರ್ಕಾರಿ ಕಚೇರಿಗಳಲ್ಲಿ ಇಂಥ ಟೆಂಡರು ಪದ್ಧತಿಗೆ ‘ಎಲ್-ಒನ್’ ಅನ್ನುತ್ತಾರೆ. ಅತಿ ಕಡಿಮೆ ದರ ಹಾಕಿದವನು ಎಲ್-ಒನ್, ಕೆಲಸ ಅವನಿಗೆ. ಮನೆಗೆ ತರಕಾರಿ ತರುವಾಗ ನಾವ್ಯಾರೂ ಹೀಗೆ ಮಾಡುವುದಿಲ್ಲ. ನಾಲ್ಕು ರೂಪಾಯಿ ಹೆಚ್ಚಾದರೂ ಪರಿಚಯದ ಸೊಪ್ಪಿನವಳ ಹತ್ತಿರವೇ ತರುತ್ತೇವೆ. ಅವಳ ಸೊಪ್ಪು ಬೆಳಿಗ್ಗೆ ಕಿತ್ತದ್ದು, ಚರಂಡಿ ನೀರಿನದ್ದಲ್ಲ ಎಂಬ ಭರವಸೆಗೆ. ಅದೇ ನಾವು ಸರ್ಕಾರಿ ಕುರ್ಚಿಯಲ್ಲಿ ಕೂತು ನಾಲ್ಕು ರೂಪಾಯಿ ಹೆಚ್ಚು ಕೊಟ್ಟರೆ ಆಡಿಟ್ ಆಕ್ಷೇಪಣೆ ಬರುತ್ತದೆ. ಕಡಿಮೆಗೆ ಕೊಂಡು ಮಕ್ಕಳ ತಟ್ಟೆಗೆ ಹುಳು ಬಿದ್ದ ಬೇಳೆ ಬಂದರೆ ದೂರು ಬರಬಹುದು, ಆಕ್ಷೇಪಣೆ ಮಾತ್ರ ಬರುವುದಿಲ್ಲ.

ಹಾಗಂತ ಎಲ್-ಒನ್ ಪದ್ಧತಿಯನ್ನು ಮೂರ್ಖರು ಮಾಡಿದ್ದಲ್ಲ. ಬೇಕಾದವರಿಗೆ ಗುತ್ತಿಗೆ ಕೊಡುವ ಚಾಳಿಗೆ ಕಡಿವಾಣ ಹಾಕಲೆಂದೇ ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಬಂತು. ಅದರಲ್ಲೂ ಒಂದು ಕಿಂಡಿ ಇದೆ: ‘4ಜಿ ವಿನಾಯಿತಿ’. ಟೆಂಡರಿಲ್ಲದೆ ಇಂಥವರಿಂದಲೇ ಕೊಳ್ಳಿ ಎಂದು ಸರ್ಕಾರ ಅಧಿಸೂಚನೆ ಹೊರಡಿಸಬಹುದು. ಇದು ಒಳ್ಳೆಯದಕ್ಕೂ ಬಳಕೆಯಾಗಿದೆ, ಕೆಟ್ಟದ್ದಕ್ಕೂ. ಹಾಗಾಗಿ ‘ದರ ಒಂದನ್ನೇ ನೋಡಬೇಡಿ, ರೈತನನ್ನು ನೋಡಿ, ಮಣ್ಣು ನೋಡಿ, ಮಗುವಿನ ಆರೋಗ್ಯ ನೋಡಿ’ ಎಂದು ಯಾರಾದರೂ ಹೇಳಿದ ಕೂಡಲೇ ಅನುಭವಸ್ಥ ಅಧಿಕಾರಿ ಕೇಳುವ ಪ್ರಶ್ನೆ ಸರಿಯಾಗಿಯೇ ಇರುತ್ತದೆ: ‘ಸ್ವಾಮಿ, ಅದನ್ನು ಅಳೆಯೋದು ಹೇಗೆ? ಯಾರ ಮಾವನ ಗದ್ದೆಯ ಅಕ್ಕಿ ಬರುತ್ತೋ ಯಾರಿಗೆ ಗೊತ್ತು?’

ಈ ಪ್ರಶ್ನೆಗೆ ನನಗೆ ತಿಳಿದಂತೆ ಅತ್ಯಂತ ಬುದ್ಧಿವಂತಿಕೆಯ ಉತ್ತರ ಕೊಟ್ಟ ದೇಶ ಬ್ರೆಜಿಲ್.

ಬ್ರೆಜಿಲ್‌ನಲ್ಲಿ ಶಾಲಾ ಊಟ 1955ರಿಂದ ಇದೆ. ಈಗ ಸುಮಾರು 4 ಕೋಟಿ ಮಕ್ಕಳು ಉಣ್ಣುತ್ತಾರೆ. ದುಡ್ಡು ದಿಲ್ಲಿಯಂಥ ರಾಜಧಾನಿಯಿಂದ ಹೊರಟು ಐದೂವರೆ ಸಾವಿರ ಪೌರಾಡಳಿತಗಳ ಕೈ ಸೇರುತ್ತದೆ. ಸಾಮಾನು ಕೊಳ್ಳುವವರು ಅವರು. ಬಹಳ ಕಾಲ ಅಲ್ಲಿಯೂ ನಡೆದದ್ದು ನಮ್ಮದೇ ಕಥೆ: ದೊಡ್ಡ ಟೆಂಡರು, ದೊಡ್ಡ ಕಂಪನಿ, ಬಿಸ್ಕತ್ತು, ಪುಡಿ ಸೂಪು, ಡಬ್ಬಿ ಮಾಂಸ. 2009ರಲ್ಲಿ ಕಾನೂನು ಬಂತು. ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ 30ರಷ್ಟನ್ನು ಕುಟುಂಬ ಕೃಷಿಕರಿಂದಲೇ, ಅಂದರೆ ಮನೆಮಂದಿಯೇ ದುಡಿಯುವ ಸಣ್ಣ ಹಿಡುವಳಿದಾರರಿಂದಲೇ, ಕೊಳ್ಳಬೇಕು. 2025ರಲ್ಲಿ ಇದನ್ನು ತಿದ್ದಿ, 2026ರ ಜನವರಿಯಿಂದ ಶೇ 45 ಮಾಡಿದ್ದಾರೆ.

ಶೇಕಡಾವಾರು ಘೋಷಣೆ ಯಾರಾದರೂ ಮಾಡಬಹುದು. ಕೊಳ್ಳುವ ಕ್ರಮದಲ್ಲಿ ಅವರು ಮಾಡಿದ ಬದಲಾವಣೆ ಹೆಚ್ಚು ಸ್ವಾರಸ್ಯದ್ದು. ಈ ಪಾಲಿನ ಖರೀದಿಗೆ ಟೆಂಡರು ಇಲ್ಲ. ‘ಬಹಿರಂಗ ಕರೆ’ ಎಂಬ ಬೇರೆಯೇ ವಿಧಾನ. ಪಟ್ಟಣದ ಆಡಳಿತ ಮೊದಲು ಕನಿಷ್ಠ ಮೂರು ಮಾರುಕಟ್ಟೆ ವಿಚಾರಿಸಿ ಬಾಳೆಹಣ್ಣಿಗೆ ಇಷ್ಟು, ಮರಗೆಣಸಿಗೆ ಇಷ್ಟು, ಹುರುಳಿಕಾಯಿಗೆ ಇಷ್ಟು ಎಂದು ದರ ಗೊತ್ತುಮಾಡಿ ಪ್ರಕಟಿಸುತ್ತದೆ. ದರ ಮೊದಲೇ ನಿಂತುಹೋಯಿತು, ಇನ್ನು ದರದಲ್ಲಿ ಪೈಪೋಟಿ ಇಲ್ಲ. ಕೊಡಲು ಮುಂದೆ ಬಂದವರು ಹೆಚ್ಚಾದರೆ ಯಾರು ಮೊದಲು ಎನ್ನುವುದಕ್ಕೂ ಬರೆದಿಟ್ಟ ಕ್ರಮವಿದೆ. ಅದೇ ಊರಿನವರು ಮೊದಲು, ಆಮೇಲೆ ಸುತ್ತಲ ಪ್ರದೇಶ, ಆಮೇಲೆ ರಾಜ್ಯ. ಅದರೊಳಗೆ ಭೂಸುಧಾರಣೆಯಲ್ಲಿ ನೆಲ ಪಡೆದವರು, ಮೂಲನಿವಾಸಿಗಳು, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಊರು ಕಟ್ಟಿದವರ ಸಂತತಿಯವರು ಮೊದಲು. ಸಾವಯವ ಬೆಳೆದವರಿಗೆ ಆದ್ಯತೆ ಮತ್ತು ಶೇ 30ರವರೆಗೆ ಹೆಚ್ಚಿನ ದರ. ಒಂದು ಕುಟುಂಬ ವರ್ಷಕ್ಕೆ ಇಷ್ಟು ಮೊತ್ತದವರೆಗೆ ಮಾತ್ರ ಮಾರಬಹುದು ಎಂಬ ಮಿತಿಯೂ ಇರುವುದರಿಂದ ಊರ ದೊಡ್ಡ ಗೌಡರೊಬ್ಬರೇ ಎಲ್ಲ ಬಾಚಿಕೊಳ್ಳುವಂತಿಲ್ಲ. ಮೇಲೆ ಕಣ್ಣಿಡಲು ಪೋಷಕರು, ಶಿಕ್ಷಕರು ಕೂತ ಶಾಲಾ ಆಹಾರ ಮಂಡಳಿ. ಊಟದ ಪಟ್ಟಿ ಬರೆಯಲು ಕಡ್ಡಾಯವಾಗಿ ಒಬ್ಬ ಪೌಷ್ಟಿಕತಜ್ಞ.

ನಮ್ಮ ಅಧಿಕಾರಿಯ ‘ಯಾರ ಮಾವನ ಗದ್ದೆ’ ಪ್ರಶ್ನೆಗೆ ಇದು ಉತ್ತರ. ಮೌಲ್ಯಗಳನ್ನು ಅಧಿಕಾರಿಯ ವಿವೇಚನೆಗೆ ಬಿಡಲಿಲ್ಲ. ಸರದಿಯ ನಿಯಮವಾಗಿ ಮೊದಲೇ ಗೋಡೆಗೆ ಅಂಟಿಸಿದರು.

ಎಲ್ಲವೂ ಸಲೀಸಾಗಿ ನಡೆಯಿತು ಅಂತಲ್ಲ. ಎಷ್ಟೋ ಪಟ್ಟಣಗಳು ವರ್ಷಗಟ್ಟಲೆ ಶೇ 30 ಮುಟ್ಟಲೇ ಇಲ್ಲ. ರೈತನ ಹತ್ತಿರ ಬಿಲ್ ಪುಸ್ತಕ ಇಲ್ಲ, ಶಾಲೆ ಶಾಲೆಗೆ ಸೊಪ್ಪು ಮುಟ್ಟಿಸಲು ಗಾಡಿ ಇಲ್ಲ, ಸರಬರಾಜು ಸರಿಯಾಗಿಲ್ಲ. ಇಂಥ ಸಬೂಬುಗಳಿಗೆ ಕಾನೂನೇ ಜಾಗ ಬಿಟ್ಟಿತ್ತು. ದಾರಿ ತೆರೆದದ್ದು ಸಹಕಾರ ಸಂಘಗಳು. ದೇಶದ ದಕ್ಷಿಣ ತುದಿಯ ರಿಯೊ ಗ್ರಾಂಡೆ ಡೊ ಸುಲ್ ರಾಜ್ಯದಲ್ಲಿ ಭೂರಹಿತರ ಚಳವಳಿಯಿಂದ ನೆಲ ಪಡೆದವರು ಸಂಘ ಕಟ್ಟಿಕೊಂಡು ಸಾವಯವ ಭತ್ತ ಬೆಳೆದರು. ಸಾವೊ ಪಾಲೊದಂಥ ಮಹಾನಗರದ ಶಾಲೆಗಳಿಗೆ ಆ ಅಕ್ಕಿ ಹೋಯಿತು. ಒಬ್ಬೊಬ್ಬರೇ ಆಗಿದ್ದರೆ ಆ ನಗರದ ಬಾಗಿಲೂ ಅವರಿಗೆ ಕಾಣುತ್ತಿರಲಿಲ್ಲ.

ಅಡುಗೆಮನೆಯದು ಇನ್ನೊಂದು ಕಥೆ. ಬಿಸ್ಕತ್ತಿನ ಪೊಟ್ಟಣ ಬಿಚ್ಚಲು ಕತ್ತರಿ ಸಾಕು, ಮರಗೆಣಸು ಸುಲಿಯಲು ಆಳು ಬೇಕು. ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡ ನಗರ ಡೆನ್ಮಾರ್ಕಿನ ಕೋಪನ್‌ಹೇಗನ್. ಅಲ್ಲಿಯ ಶಿಶುವಿಹಾರ, ವೃದ್ಧಾಶ್ರಮ, ಶಾಲೆಗಳ ಸುಮಾರು 900 ಅಡುಗೆಮನೆಗಳಲ್ಲಿ ಶೇ 90ರಷ್ಟು ಸಾವಯವ ಆಹಾರ ಇರಬೇಕೆಂದು ನಗರಸಭೆ ಗುರಿ ಇಟ್ಟುಕೊಂಡಿತು. ದಿನಸಿಗೆ ಹೆಚ್ಚು ದುಡ್ಡು ಕೊಡುವುದಿಲ್ಲ ಎಂದೂ ಹೇಳಿತು! ಹಣ ಹಾಕಿದ್ದು ಅಡುಗೆಯವರ ತರಬೇತಿಗೆ. ಮಾಂಸ ಸ್ವಲ್ಪ ಕಡಿಮೆ, ಬೇಳೆಕಾಳು ಹೆಚ್ಚು, ಆಯಾ ಕಾಲದ ತರಕಾರಿ, ಸಿದ್ಧ ಪದಾರ್ಥ ಬಿಟ್ಟು ಮೊದಲಿಂದ ಬೇಯಿಸುವುದು, ಎಸೆಯುವುದನ್ನು ತಗ್ಗಿಸುವುದು. ಹೀಗೆ ಉಳಿಸಿದ್ದರಲ್ಲೇ ಸಾವಯವದ ಹೆಚ್ಚುವರಿ ದರ ಸರಿಹೋಯಿತು.

ಯೂರೋಪಿನಲ್ಲಿ ಒಂದು ತಮಾಷೆಯೂ ಇದೆ. ಅಲ್ಲಿಯ ಒಕ್ಕೂಟದ ನಿಯಮದ ಪ್ರಕಾರ ‘ನಮ್ಮ ಊರಿನ ರೈತನಿಂದಲೇ’ ಎಂದು ಟೆಂಡರಿನಲ್ಲಿ ಬರೆಯುವ ಹಾಗಿಲ್ಲ, ಅದು ಪಕ್ಷಪಾತವಾಗುತ್ತದೆ. ರೋಮ್ ನಗರದವರು ಶಾಲಾ ಊಟದ ಟೆಂಡರಿಗೆ ‘ತಾಜಾತನದ ಖಾತರಿ’ ಎಂಬ ಷರತ್ತು ಸೇರಿಸಿದರು: ಹಣ್ಣು ತರಕಾರಿ ಕಿತ್ತ ಮೂರು ದಿನದೊಳಗೆ ತಲುಪಬೇಕು. ಸಾವಿರಾರು ಮೈಲಿ ಆಚೆಯವರು ತಾವಾಗಿಯೇ ಹಿಂದೆ ಸರಿದರು. ರಂಗೋಲಿ ಕೆಳಗೆ ನುಸುಳುವ ಜಾಣತನ ನಮ್ಮ ದೇಶದ ಗುತ್ತಿಗೆದಾರರ ಸ್ವತ್ತೇನಲ್ಲ, ಒಳ್ಳೆಯ ಕೆಲಸಕ್ಕೂ ಅದು ಬರುತ್ತದೆ.

ಅಮೆರಿಕದಲ್ಲಿ ಲಾಸ್ ಏಂಜಲಿಸ್ ನಗರ 2012ರಲ್ಲಿ ಐದು ಮೌಲ್ಯಗಳನ್ನು ಗುರುತಿಸಿ ಅಂಕ ಕೊಡುವ ಪದ್ಧತಿ ತಂದಿತು: ಸ್ಥಳೀಯ ಆರ್ಥಿಕತೆ, ಪೌಷ್ಟಿಕತೆ, ಪರಿಸರ, ಪ್ರಾಣಿಗಳ ಹಿತ, ದುಡಿಯುವವರ ಹಿತ. ಕೊನೆಯದನ್ನು ನಾವು ಸಾಮಾನ್ಯವಾಗಿ ಮರೆತೇಬಿಡುತ್ತೇವೆ. ನಮ್ಮ ಶಾಲೆಗಳ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹದಲ್ಲಿ ಬೇಯಿಸಿ ಬಡಿಸುವ ತಾಯಂದಿರಿಗೆ, 2025ರ ಬಜೆಟ್‌ನಲ್ಲಿ ಸಾವಿರ ರೂಪಾಯಿ ಏರಿದ ಮೇಲೂ, ತಿಂಗಳ ಗೌರವಧನ ಐದು ಸಾವಿರ ಮುಟ್ಟಲಿಲ್ಲ. ಅಗ್ಗದ ಊಟದ ಬೆಲೆಯಲ್ಲಿ ಅವರ ಪಾಲೂ ಸೇರಿದೆ.

ಈಗ ನಮ್ಮಲ್ಲಿಗೆ ಬರೋಣ. ಕರ್ನಾಟಕಕ್ಕೆ ಇದೆಲ್ಲ ಹೊಸದಲ್ಲ, ಹೆಸರಿಟ್ಟು ಕರೆದಿಲ್ಲ ಅಷ್ಟೆ. 2013ರ ಆಗಸ್ಟ್‌ನಲ್ಲಿ ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಶುರುವಾದಾಗ ಮಹಾಮಂಡಳದಲ್ಲಿ ಹಾಲು ಉಕ್ಕಿ ಹರಿಯುತ್ತಿತ್ತು, ಕೊಳ್ಳುವವರು ಸಾಲದೆ ಪುಡಿಯ ದಾಸ್ತಾನು ಬೆಳೆಯುತ್ತಿತ್ತು. ಅದೇ ಪುಡಿಯಿಂದ, ಒಂದು ಮಗುವಿಗೆ 18 ಗ್ರಾಂ ಲೆಕ್ಕದಲ್ಲಿ, 150 ಮಿಲಿಲೀಟರ್ ಹಾಲು ಕಾಯಿಸಿ ಕೊಡಲು ಆರಂಭಿಸಿದರು. ಕರೆದ ಹಾಲನ್ನು ಬಿಟ್ಟು ಪುಡಿಯ ಹಾಲೇ ಎಂದು ಮೂಗು ಮುರಿದವರಿದ್ದರು. ಆದರೆ ಶೀತಲ ಪೆಟ್ಟಿಗೆ ಇಲ್ಲದ ಸಾವಿರಾರು ಹಳ್ಳಿ ಶಾಲೆಗಳಿಗೆ ಹಸಿ ಹಾಲು ದಿನವೂ ಕೆಡದೆ ತಲುಪುತ್ತಿತ್ತೇ? 2024ರಲ್ಲಿ ಮುಜರಾಯಿ ದೇವಸ್ಥಾನಗಳಿಗೆ ನಂದಿನಿ ತುಪ್ಪವನ್ನೇ ಬಳಸಿ ಎಂದು ಸುತ್ತೋಲೆ ಹೊರಟದ್ದೂ ಇದೇ ಜಾತಿಯ ತೀರ್ಮಾನ.

ರಾಗಿಯದು ಇನ್ನೂ ಒಳ್ಳೆಯ ಉದಾಹರಣೆ. ದೇಶದ ಅರ್ಧಕ್ಕಿಂತ ಹೆಚ್ಚು ರಾಗಿ ಬೆಳೆಯುವುದು ನಾವು. ಸರ್ಕಾರ ಬೆಂಬಲ ಬೆಲೆಗೆ ಕೊಂಡು ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ಅಕ್ಕಿಯ ಜೊತೆ ರಾಗಿ, ಉತ್ತರದ ಕಡೆ ಜೋಳ ಕೊಡುತ್ತದೆ. 2013-14ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 1,500 ರೂಪಾಯಿ ಇತ್ತು. 2024-25ಕ್ಕೆ 4,290 ಆಯಿತು. ತುಮಕೂರು, ಹಾಸನದ ಕಡೆ ಒಕ್ಕಣೆ ಮುಗಿದ ಮೇಲೆ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರು ಸಾಲುಗಟ್ಟುವುದು ಈ ಬೆಲೆಗಾಗಿ.

ಆದರೆ ಇಷ್ಟು ಒಳ್ಳೆಯ ಯೋಜನೆಯ ಕೈಕಾಲು ಕಟ್ಟಿದ್ದು ಒಂದು ಸಣ್ಣ ನಿಯಮ. ಜೋಳ, ಮೆಕ್ಕೆಜೋಳ, ರಾಗಿ ಎಲ್ಲವನ್ನೂ ಕೇಂದ್ರ ಒಂದೇ ಗುಂಪಿಗೆ ಸೇರಿಸಿ, ಕೊಂಡ ಧಾನ್ಯವನ್ನು ಖರೀದಿ ಮುಗಿದ ಮೂರು ತಿಂಗಳಲ್ಲಿ ಹಂಚಿ ಮುಗಿಸಬೇಕು ಎಂದಿತ್ತು. ಹೆಚ್ಚು ಕೊಂಡರೆ ಹಂಚಿ ಮುಗಿಯದು ಎಂಬ ಅಂಜಿಕೆ, ಆದ್ದರಿಂದ ಕಡಿಮೆ ಖರೀದಿ. ಜೋಳಕ್ಕೆ ಹುಳು ಬೇಗ ಬೀಳುತ್ತದೆ, ಅದಕ್ಕೆ ನಿಯಮ ಸರಿಯೇ ಇರಬಹುದು. ರಾಗಿಗೆ? ನಮ್ಮ ಹಿರಿಯರು ರಾಗಿಯನ್ನು ಹಗೇವಿಗೆ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಎಳೆದು ವರ್ಷಗಟ್ಟಲೆ ಇಡುತ್ತಿದ್ದರು. ಬರ ಬಂದ ವರ್ಷ ತೆಗೆದು ಉಣ್ಣುತ್ತಿದ್ದರು. ಅಂಥ ಕಾಳಿಗೆ ಮೂರು ತಿಂಗಳ ಗಡುವು! 2021ರ ಡಿಸೆಂಬರಿನಲ್ಲಿ ಈ ಗಡುವನ್ನು ಜೋಳಕ್ಕೆ ಆರು ತಿಂಗಳು, ರಾಗಿಗೆ ಏಳು ತಿಂಗಳಿಗೆ ಏರಿಸಿದರು, ಮಿಕ್ಕಿದ್ದನ್ನು ಬೇರೆ ರಾಜ್ಯಕ್ಕೆ ಸಾಗಿಸಲೂ ಅವಕಾಶ ಮಾಡಿದರು. ಸಿರಿಧಾನ್ಯದ ಬಗ್ಗೆ ನಡೆದ ಎಷ್ಟೋ ಮೇಳ, ಭಾಷಣಗಳಿಗಿಂತ ಈ ಎರಡು ಸಾಲಿನ ತಿದ್ದುಪಡಿ ರಾಗಿ ಬೆಳೆಗಾರನಿಗೆ ಹೆಚ್ಚು ಉಪಕಾರ ಮಾಡಿದೆ ಎಂದೇ ನನ್ನ ಎಣಿಕೆ. ಅದರ ಸುದ್ದಿ ಮಾತ್ರ ಒಳಪುಟದಲ್ಲಿ ಒಂದು ಕಾಲಂ ಬಂದಿತ್ತು.

ಕೊನೆಯದಾಗಿ ಮೊಟ್ಟೆಯ ಮಾತು. ಶಾಲೆಯಲ್ಲಿ ಮೊಟ್ಟೆ ಕೊಡುವುದು ಮೊದಲು ಕಲ್ಯಾಣ ಕರ್ನಾಟಕದ ಕಡೆ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ. ತಿನ್ನದವರಿಗೆ ಬಾಳೆಹಣ್ಣು. ಅಕ್ಕಿಯ ಹಾಗೆ ಇದು ದೂರದ ಗೋದಾಮಿನಿಂದ ಬರುವುದಲ್ಲ. ಮುಖ್ಯ ಶಿಕ್ಷಕರೇ ಊರಿನಲ್ಲೋ ಹೋಬಳಿಯಲ್ಲೋ ಕೊಳ್ಳಬೇಕು. ಹತ್ತಿರದ ಕೋಳಿ ಸಾಕುವವರಿಗೆ, ಬಾಳೆ ಬೆಳೆಗಾರರಿಗೆ ಇದಕ್ಕಿಂತ ಹತ್ತಿರದ ಸರ್ಕಾರಿ ಗಿರಾಕಿ ಇನ್ಯಾರು?

ಆದರೆ ಒಂದು ಮೊಟ್ಟೆಗೆ 6 ರೂಪಾಯಿ ಎಂದು ಆದೇಶದಲ್ಲಿ ಗೊತ್ತುಮಾಡಿದರು. ಮೊಟ್ಟೆ, ಬೇಯಿಸುವ ಗ್ಯಾಸು, ಸುಲಿಯುವ ಕೂಲಿ ಎಲ್ಲವೂ ಅದರೊಳಗೇ. ಪೇಟೆಯಲ್ಲಿ ಬರೀ ಮೊಟ್ಟೆಯೇ 6 ದಾಟಿದ ದಿನಗಳಲ್ಲಿ ಮೇಷ್ಟ್ರುಗಳು ಕೈಯಿಂದ ಹಾಕಿದ್ದೂ ಉಂಟು, ಚಿಕ್ಕ ಗಾತ್ರದ ಮೊಟ್ಟೆ ಹುಡುಕಿಕೊಂಡು ಹೋದದ್ದೂ ಉಂಟು. ಬ್ರೆಜಿಲ್‌ನಲ್ಲಾದರೆ ಕರೆ ಹೊರಡಿಸುವ ಮುಂಚೆ ಮೂರು ಮಾರುಕಟ್ಟೆ ಸುತ್ತಿ ದರ ಬರೆಯುತ್ತಾರೆ. ನಮಗೆ ಸುತ್ತುವ ಕೆಲಸವೂ ಇಲ್ಲ. ಮೊಟ್ಟೆ ಸಮನ್ವಯ ಸಮಿತಿ ಬೆಂಗಳೂರು, ಮೈಸೂರಿನ ದರವನ್ನು ದಿನವೂ ಪ್ರಕಟಿಸುತ್ತದೆ, ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಬರುತ್ತದೆ. ಆದೇಶದಲ್ಲಿ ‘6 ರೂಪಾಯಿ’ ಇರುವ ಜಾಗದಲ್ಲಿ ‘ಆ ತಿಂಗಳ ಸಮಿತಿ ದರ, ಜೊತೆಗೆ ಗ್ಯಾಸು ಮತ್ತು ಕೂಲಿ’ ಎಂದು ಬರೆದರೆ ಮುಗಿಯಿತು.