ಜಮಖಾನೆಯೂ ಕೂಲಿಯೂ

(ಬಂಗಾರಪೇಟೆಯ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹಳೆಯ ಕಸುಬುಗಳನ್ನು ಉಳಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಹೇಗೆಂದು ಕೇಳಿದರೆ ಒಂದು ಪ್ರದರ್ಶನ, ಒಂದು ಶಾಲು, ಒಂದು ಹಾರ; ಅಷ್ಟಕ್ಕೇ ಮುಗಿಯಿತು. ಮಗ್ಗದ ಮುಂದೆ ಕುಳಿತವಳ ಹೊಟ್ಟೆಗೇನು ಎಂದು ಕೇಳುವವರಿಲ್ಲ. ಅದನ್ನೇ ನಾವು ಇಂದು ಕೇಳಬೇಕಾಗಿದೆ.

1980ರ ರೈತ ಬಂಡಾಯದಿಂದ ನೀವು ಹೆಸರು ಕೇಳಿರುವ ನವಲಗುಂದದಲ್ಲಿ ಜಮಖಾನೆ ನೇಯುವ ಮುಸಲ್ಮಾನ ಮನೆತನಗಳಿವೆ. ನೇಯುವವರು ಹೆಂಗಸರು. ನೆಟ್ಟಗೆ ನಿಲ್ಲಿಸಿದ ಮಗ್ಗಕ್ಕೆ ಹತ್ತಿಯ ಹಾಸು ಬಿಗಿದು, ಬಣ್ಣದ ಹೊಕ್ಕನ್ನು ಬೆರಳಿನಿಂದಲೇ ತೂರಿಸಿ, ಹಲ್ಲಿನ ಪಂಜದಿಂದ ಬಡಿದು ಕೂರಿಸುತ್ತಾರೆ. ನವಿಲು ಮೂಡುತ್ತದೆ, ಪಗಡೆಯ ಪಟ ಮೂಡುತ್ತದೆ. ಕಾಶ್ಮೀರದ ರತ್ನಗಂಬಳಿಯಲ್ಲಿ ಒಂದೊಂದು ಗಂಟನ್ನೂ ಕೈಯಿಂದ ಕಟ್ಟುತ್ತಾರೆ, ಇಲ್ಲಿ ಗಂಟಿಲ್ಲ. ದುಡಿಮೆ ಮಾತ್ರ ಅದೇ ಜಾತಿಯದು. ನಮ್ಮ ಬೆಂಗಳೂರಿನ ರತ್ನಗಂಬಳಿಗೂ, ಎರಡು ಮಗ್ಗುಲಲ್ಲೂ ಒಂದೇ ಚಿತ್ರವಿರುತ್ತದೆಂದು ಒಂದು ಕಾಲಕ್ಕೆ ದೊಡ್ಡ ಹೆಸರಿತ್ತು.

ಮಗಳು ಬೇರೆ ಮನೆ ಸೇರುವವಳು, ಗುಟ್ಟು ಹೊರಗೆ ಹೋದೀತೆಂದು, ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವ ರೂಢಿ ನವಲಗುಂದದಲ್ಲಿತ್ತು. ಗುಟ್ಟು ಉಳಿಯಿತು, ನೇಯುವವರು ಕೆಲವೇ ಮಂದಿ ಉಳಿದರು. ರೂಢಿಯೊಂದೇ ಇದಕ್ಕೆ ಕಾರಣವಲ್ಲ. ದಿನವೆಲ್ಲ ನೇಯ್ದರೂ ಹೊಲದ ಕೂಲಿಯಷ್ಟು ಹುಟ್ಟದಿದ್ದರೆ ಯಾವ ತಾಯಿ ತಾನೇ ಹುಡುಗಿಯನ್ನು ಮಗ್ಗಕ್ಕೆ ಕೂರಿಸಿಯಾಳು?

2011ರಲ್ಲಿ ಈ ಜಮಖಾನೆಗೆ ಭೌಗೋಳಿಕ ಗುರುತಿನ ನೋಂದಣಿಯಾಯಿತು. ಒಳ್ಳೆಯದೇ. ಆದರೆ ಅದು ಹೆಸರನ್ನು ಕಾಯುತ್ತದೆಯೇ ಹೊರತು ಕೂಲಿಯನ್ನು ಗೊತ್ತುಮಾಡುವುದಿಲ್ಲ. 1985ರ ಕೈಮಗ್ಗ ಮೀಸಲು ಕಾಯಿದೆಯ ಪಟ್ಟಿಯಲ್ಲಿ ಈಗ 11 ಬಗೆಯ ಮಾಲುಗಳಿವೆ. ಗೊತ್ತುಪಡಿಸಿದ ನಮೂನೆಯ ಜಮಖಾನೆ, ಕಂಬಳಿಗಳೂ ಅದರಲ್ಲಿವೆ. ಅವನ್ನು ವಿದ್ಯುತ್ ಮಗ್ಗದಲ್ಲಿ ನೇಯಕೂಡದು. ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು, ಪೇಟೆಯಲ್ಲಿ ಜಾರಿಯಲ್ಲಿರಬೇಕು.

ನವಲಗುಂದದ ಮಾತು ನಮಗೇಕೆ ಎನ್ನುವಿರಾ? 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಮೈಸೂರು ಮೈನ್ಸ್, ಚಾಂಪಿಯನ್ ರೀಫ್‌ಗಳಲ್ಲಿ ತಂದೆಯಿಂದ ಮಗನಿಗೆ ಬಂದ ವಿದ್ಯೆ, ಬಂಡೆಯ ಸದ್ದಿನಿಂದಲೇ ಅಪಾಯ ತಿಳಿಯುವ ವಿದ್ಯೆ, ಈಗೆಲ್ಲಿ? ಬೆಳಗಿನ ರೈಲಿಗೆ ಬೆಂಗಳೂರಿನ ಕೂಲಿಗೆ ಹೊರಡುವ ಮಕ್ಕಳನ್ನು ಕೇಳಿರಿ. ಕೆಲಸ ನಿಂತ ಮೇಲೆ ಕಸುಬನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಾಗದು.

ವರ್ತಕ ಮಿತ್ರರೇ, ಕೈಮಗ್ಗದ ಮಾಲನ್ನೂ ಯಂತ್ರದ ಮಾಲನ್ನೂ ಒಂದೇ ರಾಶಿಯಲ್ಲಿಡಬೇಡಿ. ರತ್ನಗಂಬಳಿಯಾದರೆ ಮಗುಚಿ ನೋಡಿರಿ: ಕೈಯಿಂದ ಕಟ್ಟಿದ್ದಾದರೆ ಬೆನ್ನಲ್ಲಿ ಗಂಟುಗಳ ಸಾಲು ಕಾಣುತ್ತದೆ, ಅಂಟಿನಿಂದ ಬಟ್ಟೆ ಮೆತ್ತಿದ್ದರೆ ಅದು ಗಂಟಿನ ಮಾಲಲ್ಲ. ಗಿರಾಕಿಗೆ ಇದನ್ನು ಹೇಳಿ ಮಾರಿರಿ.

ಕಾರ್ಮಿಕ ಬಂಧುಗಳೇ, ನಮ್ಮ ಬೇಡಿಕೆ ಇಷ್ಟೆ. ನೂಲು ನ್ಯಾಯಬೆಲೆಗೆ ಸಿಗಲಿ. ಒಂದು ಜಮಖಾನೆಗೆ ಎಷ್ಟು ದಿನ ಹಿಡಿಯಿತೋ ಅಷ್ಟು ದಿನದ ಪೂರ್ತಿ ಕೂಲಿ ಅದರ ಬೆಲೆಯಲ್ಲಿ ಸೇರಲಿ. ನೇಯುವ ಹೆಂಗಸರೇ ನಡೆಸುವ ಸಹಕಾರ ಸಂಘ ಬರಲಿ. ಅಲ್ಲಿ ಮಗಳೂ ಕಲಿಯಲಿ, ಸೊಸೆಯೂ ಕಲಿಯಲಿ. ಕೂಲಿ ಉಳಿದರೆ ಕಸುಬು ಉಳಿಯುತ್ತದೆ. ಶಾಲು ಹೊದಿಸುವುದನ್ನು ಆಮೇಲೆ ನೋಡೋಣ.