ದವಾಖಾನೆ ದಾನವಲ್ಲ, ಹಕ್ಕು
(ಇಳಕಲ್ಲಿನ ಸಭೆಯಲ್ಲಿ ಮಾಡಿದ ಭಾಷಣ)

ಬಂಧುಗಳೇ, ಇಳಕಲ್ಲಿನ ನೇಕಾರ, ಬಾದಾಮಿಯ ಕಿರಾಣಿ ಅಂಗಡಿಕಾರ ಒಂದು ಸಾಬೂನು ಕೊಂಡರೂ ಸಿರಿವಂತನಷ್ಟೇ ತೆರಿಗೆ ತೆರುತ್ತಾರೆ. ಕಾಯಿಲೆ ಬಿದ್ದರೆ ಮಾತ್ರ ಆ ಸಮಾನತೆ ಮುಗಿಯಿತು. ಹಣವಂತ ದೊಡ್ಡ ಆಸ್ಪತ್ರೆಗೆ ಹೋಗುತ್ತಾನೆ. ಕೆಂಪು ಗ್ರಾನೈಟ್ ಗಣಿಯ ಧೂಳು ಕುಡಿದು ಕೆಮ್ಮುವ ಕೂಲಿಕಾರ ಸಾಲಕ್ಕೆ ಕೈಯೊಡ್ಡುತ್ತಾನೆ.

ದುಡ್ಡಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದು, ಸರಕಾರಗಳು ವೆಚ್ಚದ ಕನಿಷ್ಠ ಶೇಕಡಾ 15ನ್ನು ಆರೋಗ್ಯಕ್ಕೆ ಕೊಡಬೇಕು ಎಂದು ಭೋರ್ ಸಮಿತಿ 1946ರಲ್ಲೇ ಹೇಳಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿ ರಾಜ್ಯಗಳಿಂದ ಕೇಳಿದ್ದು, 2020ರೊಳಗೆ ಶೇಕಡಾ 8ಕ್ಕಿಂತ ಹೆಚ್ಚು. ಎಪ್ಪತ್ತೊಂದು ವರ್ಷಗಳಲ್ಲಿ ಗುರಿಯೇ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು!

ಆದುದರಿಂದ ಪ್ರತಿ ಮುಂಗಡಪತ್ರದ ದಿನ ಶಾಸಕರನ್ನು ಕೇಳಿರಿ: ಹುನಗುಂದದ ದವಾಖಾನೆಗೆಷ್ಟು? ಬಾಗಲಕೋಟೆಗೆಷ್ಟು? ನಾವು ಬೇಡುವುದು ಭಿಕ್ಷೆಯಲ್ಲ, ನಾವೇ ತೆತ್ತ ಹಣದ ಲೆಕ್ಕ.